ಹದದ ನೀರು

ಮಣ್ಣು ತಿನ್ನುವ ಬಸುರಿಗೆ ಮಣ್ಣು ಬಿಡಿಸಬೇಕು, ಉಪ್ಪು ಮುಟ್ಟಿಸಬಾರದು, ಕರಿದದ್ದು, ಎಣ್ಣೆ, ಬೆಲ್ಲ ಯಾವುದೂ ಕೂಡದು, ಆದರೂ ಹಲ್ಲಿಗೆ ಸಿಕ್ಕಾಗ ಕಟುಂ ಅನ್ನಬೇಕು. ಇಷ್ಟು ಷರತ್ತು ಹಾಕಿ ನನ್ನನ್ನು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಕರೆಸಿಕೊಂಡಿದ್ದರು. ದೊಡ್ಡ ಲಡಾಯಿ ನಡೆದಿದ್ದ ವರ್ಷಗಳು ಅವು. ಆ ಊರನ್ನು ಆಗ ಎಲ್ಲರೂ ಬರೀ ಕಲ್ಯಾಣ ಅನ್ನುತ್ತಿದ್ದರು. ನಾನು ಹುಮನಾಬಾದಿನ ಪೇಟೆಯಲ್ಲಿ ಕಡಲೆ, ಜೋಳ ಹುರಿಯುವ ಭಟ್ಟಿಯವಳು. ಕರೆಯಲು ಬಂದ ಆಳು ಷರತ್ತುಗಳನ್ನೆಲ್ಲ ಒಪ್ಪಿಸಿ ಮುಗಿಸಿದಾಗ ನನಗೆ ನಗು ತಡೆಯಲಿಲ್ಲ. "ಹಾಂಗಾದ್ರ ಹಳ್ಳದ ಕಲ್ಲ ಹುರದ ಕೊಡ್ಲೇನಪಾ?" ಎಂದು ಕೇಳಿದ್ದೆ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಭಟ್ಟಿಯನ್ನು ತಂಗಿಗೆ ಒಪ್ಪಿಸಿ ಚಕ್ಕಡಿ ಹತ್ತಿದೆ. ಜೊತೆಗೆ ನನ್ನ ಕಬ್ಬಿಣದ ಕಡಾಯಿ, ಜಾಲರಿ ಸೌಟು, ಒಂದು ಚೀಲ ಹಳೆಯ ಮರಳು ಮತ್ತು ಹದದ ನೀರಿನ ಗಡಿಗೆ. ಮರಳನ್ನು ಯಾಕೆ ಹೊತ್ತು ತಂದೆ ಎಂದು ಆಳು ಕೇಳಿದ. ಹೊಸ ಮರಳಿನಲ್ಲಿ ಹುರಿದರೆ ಕಾಳಿಗೆ ಕೆಸರಿನ ವಾಸನೆ ಹಿಡಿಯುತ್ತದೆ. ನೂರು ಸಲ ಕಾದು ಕಪ್ಪಾದ ಮರಳೇ ಕಾಳನ್ನು ಸಮನಾಗಿ ಸುಡುವುದು. ಹದದ ನೀರಿನ ಬಗ್ಗೆ ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಬಚ್ಚಿಡುವಂಥದ್ದು ಅದರಲ್ಲಿ ಏನಿದೆ ಎಂದುಕೊಂಡಿದ್ದವಳು ನಾನು.

ಅದು ಅರಿವೆ ವ್ಯಾಪಾರದವರ ಮನೆ. ಗಂಡಸರು ಹದಿನೈದು ದಿನ ಸೊಲ್ಲಾಪುರದ ಕಡೆ, ಹದಿನೈದು ದಿನ ಮನೆಯಲ್ಲಿ. ಮನೆ ನಡೆಸುವವರು ಅತ್ತೆ. ಎಲ್ಲರೂ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೆಯೇ ಅಂದೆ. ಎತ್ತರದ ಹೆಂಗಸು, ಸಿಟ್ಟು ಮೂಗಿನ ತುದಿಯಲ್ಲಿ. ಬಸುರಿಯಾಗಿದ್ದವಳು ಅವರ ಒಬ್ಬಳೇ ಸೊಸೆ, ರಾಜೇಶ್ವರದ ಹುಡುಗಿ. ಹಿಂದೆ ಎರಡು ಸಲ ತವರಿಗೆ ಹೋಗಿ ಎರಡು ಸಲವೂ ಏಳನೇ ತಿಂಗಳಲ್ಲಿ ಕೂಸು ಕಳೆದುಕೊಂಡಿದ್ದಳು. "ಈ ಸಲ ತವರ ಗಿವರ ಏನಿಲ್ಲ. ನನ್ನ ಕಣ್ಣ ಮುಂದನ ಹಡೀಲಿ" ಎಂದು ದೊಡ್ಡವ್ವ ಪಟ್ಟು ಹಿಡಿದಿದ್ದರು.

ನಾನು ಹೋದಾಗ ಅವಳಿಗೆ ಆರನೇ ತಿಂಗಳು ಹಿಡಿದಿತ್ತು. ಪಾದ ಬಾತಿದ್ದವು. ಹೈದರಾಬಾದಿನಲ್ಲಿ ಕಲಿತು ಬಂದ ಒಬ್ಬ ನರ್ಸಬಾಯಿ ವಾರಕ್ಕೊಮ್ಮೆ ಬಂದು ನೋಡುತ್ತಿದ್ದಳು. ಮೊದಲ ಭೇಟಿಯಲ್ಲೇ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಕೆಲಸ ತೋರಿಸಿದಳು. ಒಂದು, ಸೊಸೆಯ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಊರಿ ತೆಗೆದಳು. ಬೆರಳಿನ ಕುಳಿ ಹಾಗೆಯೇ ಉಳಿಯಿತು, ಹಿಟ್ಟಿನ ಮುದ್ದೆಯಲ್ಲಿ ಉಳಿದ ಹಾಗೆ. ಇನ್ನೊಂದು, ಅವಳ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಾಕಿ ಸ್ಪಿರಿಟ್ ದೀಪಕ್ಕೆ ಹಿಡಿದಳು. ಮೇಲ್ಭಾಗ ಒಡೆದ ಹಾಲಿನಂತೆ ಬೆಳ್ಳಗಾಯಿತು.

"ಈ ಬಿಳೇದು ಕಮ್ಮಿ ಆಗ್ಬೇಕು. ಆ ಕುಳಿ ಜಲ್ದಿ ತುಂಬಬೇಕು. ಇಲ್ಲಂದ್ರ ಮೈ ಸೆಟದು ಝಟಕಾ ಬರ್ತಾವ, ತಾಯಿ ಭೀ ಹೋಗ್ತಾಳ, ಬಚ್ಚಾ ಭೀ ಹೋಗ್ತದ" ಎಂದಳು ನರ್ಸಬಾಯಿ. "ಉಪ್ಪಿನ ಪರೇಜ ಅಂದ್ರ ಪೂರಾ ಪರೇಜ. ಸಮಜಾತೇನು?"

"ಸಮಜಾತ್ರಿ" ಎಂದೆ. ಎಷ್ಟು ಸಮಜಾಗಿತ್ತು ಎಂಬುದು ಮುಂದೆ ತಿಳಿಯಿತು.

ಅಡುಗೆ ದೊಡ್ಡವ್ವನದೇ. ಸಪ್ಪನೆಯ ಬೇಳೆ, ಸಪ್ಪನೆಯ ರೊಟ್ಟಿ. ಸೊಸೆ ಎರಡು ತುತ್ತು ನುಂಗಿ ಕೈ ತೊಳೆದು ಗೋಡೆಯ ಕಡೆ ನೋಡುತ್ತ ಕೂರುತ್ತಿದ್ದಳು. ನಮ್ಮ ಕಡೆಯ ಗೋಡೆಗಳು ಕೆಮ್ಮಣ್ಣಿನವು. ಅವಳ ಕೋಣೆಯ ಗೂಡಿನ ಅಂಚು ಇಲಿ ಕಡಿದಂತೆ ಸವೆದಿತ್ತು. ದೊಡ್ಡವ್ವ ಅಲ್ಲೆಲ್ಲ ಬೇವಿನ ರಸ ಬಳಿಸಿದ್ದರು. ಬೇವು ಬಳಿದ ಮಣ್ಣನ್ನೂ ಅವಳು ಬಿಟ್ಟಿರಲಿಲ್ಲ.

"ಮಣ್ಣ ಯಾಕ ತಿಂತೀ ತಂಗಿ?" ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. "ವಾಸನಿ ಬರ್ತದ್ರಿ ಅಕ್ಕಾ, ಮೊದಲ ಮಳಿ ಬಿದ್ದಾಗಿಂದು. ಮತ್ತ ಹಲ್ಲಾಗ ಕರ್ ಕರ್ ಅಂತದ. ಅದು ಕೇಳಲಿಲ್ಲಂದ್ರ ಜೀವ ನಿಲ್ಲಂಗಿಲ್ರಿ. ಕೂಸಿಗಿ ಖರಾಬ ಅಂತ ಗೊತ್ತದ. ಆದ್ರ ಕೈ ತಾನ ಹೋಗ್ತದ."

ವಾಸನೆಯ ಮಾತನ್ನು ನಾನು ಆ ದಿನ ಕಿವಿಗೆ ಹಾಕಿಕೊಳ್ಳಲಿಲ್ಲ. ಕರ್ ಕರ್ ಎಂಬುದಷ್ಟೇ ಹಿಡಿಸಿತು. ಸದ್ದು ಮಾಡುವ ತಿನಿಸು ಮಾಡುವುದೇ ನನ್ನ ಕಸುಬು.

ಹಿತ್ತಲಿನಲ್ಲಿ ಒಲೆ ಹೂಡಿದೆ. ಕಡಲೆಯನ್ನು ಮೊದಲು ಬೆಚ್ಚಗಿನ ಮರಳಿನಲ್ಲಿ ಒಮ್ಮೆ ಹೊರಳಿಸಿ ತೆಗೆಯಬೇಕು. ಹುರಿಯುವುದಲ್ಲ, ಬರೀ ಮೈ ಬಿಸಿ ಮಾಡುವುದು. ಆಮೇಲೆ ಹದದ ನೀರು ಚಿಮುಕಿಸಿ, ಗೋಣಿಯಲ್ಲಿ ಸುತ್ತಿ, ಮಾರನೆಯ ಬೆಳಗಿನವರೆಗೆ ಬಿಡಬೇಕು. ಕಾಳು ಒಳಗೊಳಗೇ ನೀರು ಕುಡಿದು ಸಿಪ್ಪೆ ಸಡಿಲಿಸುತ್ತದೆ. ಬೆಳಿಗ್ಗೆ ಕಾದ ಮರಳಿಗೆ ಸುರಿದರೆ ನಾಲ್ಕು ಸುತ್ತು ಕೈಯಾಡಿಸುವಷ್ಟರಲ್ಲಿ ಪಟಪಟ ಒಡೆಯುತ್ತದೆ. ಒಂದು ಕ್ಷಣ ಹೆಚ್ಚಾದರೆ ಕರಿ, ಒಂದು ಕ್ಷಣ ಕಡಿಮೆಯಾದರೆ ಕಲ್ಲು. ಜಾಲರಿಯಲ್ಲಿ ಮರಳು ಜಾಡಿಸಿ, ಗೋಣಿಯ ಮೇಲೆ ಹರಡಿ ಅಂಗೈಯಿಂದ ಉಜ್ಜಿದರೆ ಸಿಪ್ಪೆ ಹಾರಿ ಹಳದಿ ಕಾಳು ಉಳಿಯುತ್ತದೆ. ಜೋಳದ ಅಳ್ಳಿಗೂ ಇದೇ ಕ್ರಮ. ಹದದ ನೀರು ಕುಡಿದ ಜೋಳ ಮಲ್ಲಿಗೆಯಂತೆ ಅರಳುತ್ತದೆ.

ಮೊದಲ ದಿನದ ಕಡಲೆಯನ್ನು ಸೊಸೆ ಬಾಯಿಗೆ ಹಾಕಿಕೊಂಡು ಕಟುಂ ಎನ್ನಿಸಿದಳು. ಇನ್ನೊಂದು. ಮತ್ತೊಂದು. ಕಣ್ಣು ಮುಚ್ಚಿ ಸದ್ದು ಕೇಳಿಸಿಕೊಂಡಳು. ನಕ್ಕಳು ಕೂಡ.

"ಸಪ್ಪನ ಅದ, ಆದ್ರ ಸಪ್ಪನ ಅನಸಂಗಿಲ್ರಿ ಅಕ್ಕಾ. ಹ್ಯಾಂಗ ಮಾಡ್ತೀರಿ?"

"ಅದು ಕೈಗುಣ" ಎಂದು ಬೀಗಿದೆ. ಹಾಗೆ ಬೀಗಿದ್ದಕ್ಕೆ ಆಮೇಲೆ ಎಷ್ಟೋ ದಿನ ಹಲ್ಲು ಕಡಿದುಕೊಂಡೆ.

ಬೆಳಿಗ್ಗೆ ಎರಡು ಹಿಡಿ, ಮಧ್ಯಾಹ್ನ ಎರಡು, ಸಂಜೆಗೆ ಅಳ್ಳು. ನಾಲ್ಕೇ ದಿನದಲ್ಲಿ ಅವಳು ಗೋಡೆ ಮುಟ್ಟುವುದು ಅರ್ಧಕ್ಕೆ ಬಂತು. ದೊಡ್ಡವ್ವ ಬಾಯಿ ಬಿಟ್ಟು ಹೊಗಳುವ ಜಾತಿಯಲ್ಲ. ನನಗೆ ಒಂದು ಹೊದಿಕೆ ಹೆಚ್ಚು ಕೊಡಿಸಿದರು, ಅಷ್ಟರಿಂದ ನಾನು ತಿಳಿದುಕೊಂಡೆ. ದಿನವೂ ಬೆಳಿಗ್ಗೆ ಅವಳ ಕಾಲಿನ ಮೇಲೆ ಹೆಬ್ಬೆರಳು ಊರಿ, ಕುಳಿ ತುಂಬುವವರೆಗೆ ಕಾಯುವುದು ನನ್ನ ಪಾಲಿನ ಕೆಲಸವಾಯಿತು. ಮೊದಲ ವಾರ ಹೆಚ್ಚು ಕಡಿಮೆ ಅನಿಸಲಿಲ್ಲ. ಎರಡನೇ ವಾರ ಕುಳಿ ತುಂಬುವುದು ತಡವಾಯಿತು. ಮೂರನೇ ವಾರ ಬಳೆಗಳು ಬಿಗಿಯಾಗಿ ಕೈ ಹಿಡಿದವು, ಸಾಬೂನು ಹಚ್ಚಿ ತೆಗೆದೆವು. ನರ್ಸಬಾಯಿಯ ನಳಿಗೆಯಲ್ಲಿ ಬಿಳಿಯದು ಅರ್ಧಕ್ಕಿಂತ ಮೇಲಾಗಿತ್ತು.

"ಉಪ್ಪ ತಿನ್ನಾಕತ್ತಾಳ" ಎಂದಳು ನರ್ಸಬಾಯಿ, ನಳಿಗೆಯನ್ನು ಬೆಳಕಿಗೆ ಹಿಡಿದು. "ಎಲ್ಲಿಂದೋ ತಿನ್ನಾಕತ್ತಾಳ."

ಆ ಮನೆಯಲ್ಲಿ ಉಪ್ಪಿನಕಾಯಿಯ ಭರಣಿಗಳಿದ್ದವು. ಬಸುರಿ, ಬಯಕೆ, ಭರಣಿ: ದೊಡ್ಡವ್ವನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅವತ್ತೇ ಭರಣಿಗಳೂ ಉಪ್ಪಿನ ಗಡಿಗೆಯೂ ಅಟ್ಟ ಸೇರಿದವು, ಅಟ್ಟಕ್ಕೆ ಬೀಗ ಬಿತ್ತು. ದಿನವೂ ಸೊಸೆಯ ಬೆರಳುಗಳನ್ನು ಮೂಸಿ ನೋಡುವುದು ಶುರುವಾಯಿತು. ಓಣಿಯ ಹೆಂಗಸರು ಕೂತಿದ್ದಾಗಲೂ, "ಹಾಂ, ಕೈ ತೋರಸು" ಎಂದು ಕರೆಯುತ್ತಿದ್ದರು. ಅವಳು ಬಂದು ಶಾಲೆಯ ಮಗುವಿನಂತೆ ಎರಡೂ ಕೈ ಚಾಚುತ್ತಿದ್ದಳು.

"ಕೂಸಿನ ಆಣಿ ಮಾಡಿ ಹೇಳ್ತೀನ್ರಿ ಅತ್ತೀ, ನಾ ಮುಟ್ಟಿಲ್ರಿ."

"ಎರಡ ಕೂಸ ನುಂಗೀದಿ. ಮೂರನೇದರ ಮ್ಯಾಲ ಆಣಿ ಮಾಡ್ತೀ?"

ಆ ಮಾತು ಅತಿಯಾಯಿತು ಅನಿಸಿತು. ಆದರೆ ನಿಜ ಹೇಳಬೇಕು: ನನಗೂ ಅವಳ ಮೇಲೆಯೇ ಅನುಮಾನ. ಅವಳು ಬಚ್ಚಲಿಗೆ ಹೋದಾಗ ದಿಂಬು ಎತ್ತಿ ನೋಡಿದ್ದೇನೆ. ಗೂಡಿನೊಳಗೆ ಕೈಯಾಡಿಸಿದ್ದೇನೆ. ಸಿಕ್ಕಿದ್ದು ಒಂದು ಕೂಸಿನ ಕುಲಾಯಿ, ಅರ್ಧ ಹೊಲಿದದ್ದು.

ಐದನೇ ವಾರದಲ್ಲಿ ಒಂದು ಮಧ್ಯಾಹ್ನ ಒಲೆ ಆರಿಸಿ ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದೆ. ಆ ಮನೆಯ ಎಮ್ಮೆಯ ಕರು ಹಗ್ಗ ಬಿಚ್ಚಿಕೊಂಡು ಬಂತು. ಹುಲ್ಲಿನ ಕಡೆ ಹೋಗಲಿಲ್ಲ, ಬಾನಿಯ ಕಡೆಯೂ ಹೋಗಲಿಲ್ಲ. ನೇರವಾಗಿ ನನ್ನ ಹದದ ನೀರಿನ ಗಡಿಗೆಯ ಹತ್ತಿರ ಬಂದು ಅದರ ಹೊರಮೈ ನೆಕ್ಕತೊಡಗಿತು. ಗಡಿಗೆಯ ಕತ್ತಿನ ಸುತ್ತ ನೀರು ಒಸರಿ ಒಣಗಿದ ಕಡೆ ಬಿಳಿಯ ಪೊರೆ ಕಟ್ಟಿತ್ತು. ಆ ಬಿಳಿಯದನ್ನು ಕರು ಕಣ್ಣು ಅರೆಮುಚ್ಚಿ ನೆಕ್ಕುತ್ತಿತ್ತು. ಓಡಿಸಿದೆ, ಮತ್ತೆ ಬಂತು.

ಬೆರಳಿನಿಂದ ಆ ಪೊರೆಯನ್ನು ಕೆರೆದು ನಾಲಿಗೆಗೆ ಹಚ್ಚಿದೆ. ಉಪ್ಪು.

ಹದದ ನೀರೆಂದರೆ ಒಂದು ಗಡಿಗೆ ನೀರಿಗೆ ಒಂದು ಹಿಡಿ ಉಪ್ಪು, ಚಿಟಿಕೆ ಅರಿಸಿನ, ಹಪ್ಪಳಕ್ಕೆ ಹಾಕುವ ಕ್ಷಾರದ ಒಂದು ಹರಳು. ನಮ್ಮವ್ವ ಕಲಿಸಿದ್ದು, ಅವಳಿಗೆ ಅವಳ ಅವ್ವ ಕಲಿಸಿದ್ದು. ನೀರು ಕಡಿಮೆಯಾದಂತೆ ನೀರು, ಉಪ್ಪು ಕಡಿಮೆಯಾದಂತೆ ಉಪ್ಪು. ಆ ಮನೆಯಲ್ಲೂ ಹಾಕಿದ್ದೇನೆ, ನನ್ನ ಗಂಟಿನಲ್ಲಿ ತಂದ ಉಪ್ಪನ್ನೇ ಹಾಕಿದ್ದೇನೆ, ದೊಡ್ಡವ್ವನ ಎದುರಿಗೇ ಹಾಕಿದ್ದೇನೆ. ಅವರೂ ನೋಡಿದ್ದಾರೆ, ಒಂದು ಮಾತು ಆಡಲಿಲ್ಲ. ಭಟ್ಟಿಯವರ ಮನೆಯಲ್ಲಿ ಉಪ್ಪು ಹಾಕುವುದೆಂದರೆ ಹುರಿದು ಮುಗಿದ ಮೇಲೆ ಗಿರಾಕಿ ಕೇಳಿದರೆ ಮೇಲಿನಿಂದ ಉದುರಿಸುವುದು. ಅದಕ್ಕೆ 'ಉಪ್ಪಿನ ಕಡ್ಲಿ' ಅನ್ನುತ್ತೇವೆ. ಉದುರಿಸದೇ ಇದ್ದರೆ 'ಸಪ್ಪನ ಕಡ್ಲಿ'. ಹದದ ನೀರು ನಮ್ಮ ಲೆಕ್ಕದಲ್ಲಿ ಮರಳಿದ್ದ ಹಾಗೆ, ಸೌಟಿದ್ದ ಹಾಗೆ, ಒಂದು ಹತ್ಯಾರ. ಸೌಟನ್ನು ಯಾರಾದರೂ ತಿನ್ನುತ್ತಾರೆಯೇ? ಸಪ್ಪನ ಅನಿಸುವುದಿಲ್ಲ ಎಂದು ಅವಳು ಮೊದಲ ದಿನವೇ ಹೇಳಿದ್ದಳು. ನಾನು ಕೈಗುಣ ಎಂದಿದ್ದೆ.

ಆಗ ಎದ್ದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಗಡಿಗೆಯ ನೀರು ಚೆಲ್ಲಿ, ಬೂದಿ ಹಾಕಿ ತಿಕ್ಕಿ, ಬರೀ ನೀರು ತುಂಬಿಟ್ಟೆ. ಇನ್ನು ಮುಂದೆ ಹಾಕದಿದ್ದರಾಯಿತು, ತಾನಾಗಿ ಇಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ಹೆದರಿಕೆ ಎಂದರೆ ಅದೇ. ನನ್ನ ಹೆಸರು, ನಮ್ಮವ್ವನ ಹೆಸರು, ಭಟ್ಟಿಯ ಹೆಸರು. ಬಸುರಿಗೆ ವಿಷ ಹಾಕಿದವಳು ಎನ್ನುವ ಮಾತು ಹುಮನಾಬಾದಿಗೆ ನನಗಿಂತ ಮೊದಲೇ ಹೋಗಿ ಮುಟ್ಟುತ್ತದೆ.

ಬರೀ ನೀರಿನ ಕಡಲೆ ಒಡೆಯಲಿಲ್ಲ. ಮರಳು ಎಷ್ಟು ಕಾಯಿಸಿದರೂ ಅಷ್ಟೇ. ಹೊರಗೆ ಕರಿ, ಒಳಗೆ ಕಲ್ಲು. ಜೋಳ ಹತ್ತರಲ್ಲಿ ಮೂರು ಅರಳಿತು, ಉಳಿದದ್ದು ಸುಟ್ಟು ಹೋಯಿತು. ಸೊಸೆ ಒಂದು ಕಾಳು ಕಡಿದು ದವಡೆ ಹಿಡಿದುಕೊಂಡಳು. ಎರಡನೇ ದಿನ ಗೂಡಿನ ಅಂಚಿನಲ್ಲಿ ಹೊಸ ಗಾಯ ಕಂಡಿತು. ಮೂರನೇ ದಿನ ದೊಡ್ಡವ್ವ ಅವಳ ತುಟಿಯ ಮೇಲಿನ ಕೆಂಪು ನೋಡಿ ರೆಟ್ಟೆ ಹಿಡಿದು ಎಳೆದು ತಂದರು. "ಮಣ್ಣೂ ತಿಂತಾಳ, ಉಪ್ಪಿನಕಾಯೀನೂ ಕದೀತಾಳ. ಇನ್ನ ಮ್ಯಾಲ ಒಳಕೋಣಿ ಬಿಟ್ಟ ಹೊರಗ ಬರಂಗಿಲ್ಲ" ಎಂದು, ಗೂಡಿಲ್ಲದ, ಸುಣ್ಣಗಾರೆಯ ಗಿಲಾವಿನ ಗೋಡೆಯ ಒಳಕೋಣೆಗೆ ಹಾಕಿ ಚಿಲಕ ಎಳೆದರು.

ನಾನು ಅಳ್ಳು ಕೊಡಲು ಹೋದೆ. ಅವಳು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮುಖ ಎಷ್ಟು ಬಾತಿತ್ತೆಂದರೆ ಕಣ್ಣು ಸಣ್ಣವಾಗಿದ್ದವು. ಅಳುತ್ತಿರಲಿಲ್ಲ. ಬಹಳ ಹೊತ್ತು ಯೋಚಿಸಿದವಳ ದನಿಯಲ್ಲಿ ಕೇಳಿದಳು:

"ಅಕ್ಕಾ, ನಾನ ನಿದ್ದಿಗಣ್ಣಾಗ ಎದ್ದ ಹೋಗಿ ತಿಂದಿರಬೇಕೇನ್ರಿ? ಕೈ ತಾನ ಹೋಗ್ತದ ನೋಡ್ರಿ ಗ್ವಾಡಿಗಿ, ಹಾಂಗ ಭರಣಿಗೂ ಹೋಗಿರಬೇಕೇನು? ಎಲ್ಲಾರೂ ಹೇಳಾಕತ್ತಾರಂದ್ರ ಖರೇನ ಇರಬೇಕು."

ಅಲ್ಲಿಗೆ ನನ್ನ ಕೈಲಾಗಲಿಲ್ಲ. ನನ್ನ ತಪ್ಪನ್ನು ಅವಳು ತನ್ನದೆಂದು ನಂಬತೊಡಗಿದ್ದಳು. ಮರುದಿನ ನರ್ಸಬಾಯಿ ಬರುವ ದಿನ. ಅವಳು ಪಡಸಾಲೆಯಲ್ಲಿ ಕೂತು ನಳಿಗೆ ತೆಗೆಯುವ ಹೊತ್ತಿಗೆ ಗಡಿಗೆಯನ್ನು ತಂದು ನಡುವೆ ಇಟ್ಟೆ. ದೊಡ್ಡವ್ವ ಕಂಬಕ್ಕೆ ಒರಗಿ ನಿಂತಿದ್ದರು.

"ಆಕಿ ಏನೂ ಕದ್ದಿಲ್ರಿ" ಎಂದೆ. "ಉಪ್ಪ ನಾ ತಿನಸೀನಿ. ಈ ಗಡಿಗ್ಯಾಗಿಂದು. ಐದ ವಾರ."

ಎಲ್ಲವನ್ನೂ ಹೇಳಿದೆ, ಕರು ನೆಕ್ಕಿದ್ದು, ಮೂರು ದಿನ ಬಚ್ಚಿಟ್ಟದ್ದು, ಎಲ್ಲ. ಬೈಗುಳಕ್ಕೆ ಬೆನ್ನು ಕೊಟ್ಟು ನಿಂತವಳಿಗೆ ಬೈಗುಳ ಬರಲಿಲ್ಲ. ನರ್ಸಬಾಯಿ ಕೇಳಿದ್ದು ಒಂದೇ: "ಒಂದ ಹಿಡಿ ಅಂದ್ರ ಎಷ್ಟು? ತೋರಸು." ಮುಷ್ಟಿ ಮಾಡಿ ತೋರಿಸಿದೆ. ಅವಳು ಕಣ್ಣು ಮುಚ್ಚಿ ತೆಗೆದಳು.

ದೊಡ್ಡವ್ವನ ದನಿ ಬಂದಾಗ ಅದು ಅವರ ದನಿಯಂತೆ ಇರಲಿಲ್ಲ. "ನನ್ನ ಎದುರಿಗೇ ಹಾಕತಿದ್ದಿ."

"ಹೌದ್ರಿ."

"ನಾನೂ ನೋಡತಿದ್ದೆ."

"ಹೌದ್ರಿ."

ಅವರು ಹೋಗಿ ಒಳಕೋಣೆಯ ಚಿಲಕ ತೆಗೆದರು. ಕ್ಷಮೆಯ ಮಾತು ಆ ಬಾಯಿಯಿಂದ ಬರುವಂಥದ್ದಲ್ಲ. ಒಳಗೆ ಹೋಗಿ ಸೊಸೆಯ ಕಾಲ ಬಳಿ ಕೂತು, ಬಾತ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಮೆಲ್ಲಗೆ ಒತ್ತತೊಡಗಿದರು. "ಬ್ಯಾಡ್ರಿ ಅತ್ತೀ, ಬ್ಯಾಡ್ರಿ" ಎಂದು ಅವಳು ಕಾಲು ಎಳೆದುಕೊಳ್ಳುತ್ತಿದ್ದಳು. ಅವರು ಬಿಡಲಿಲ್ಲ. ಅಂದಿನಿಂದ ದೊಡ್ಡವ್ವ ತಮ್ಮ ತಾಟಿಗೂ ಉಪ್ಪು ಹಾಕಿಕೊಳ್ಳುವುದನ್ನು ಬಿಟ್ಟರು. ಯಾರಿಗೂ ಹೇಳಲಿಲ್ಲ. ಅದೇ ಸಪ್ಪನೆಯ ಬೇಳೆಯನ್ನು ಬಡಿಸಿಕೊಂಡು ಉಣ್ಣುವುದನ್ನು ನಾನು ನೋಡಿದೆ.

ನಾನು ಗಂಟು ಕಟ್ಟಿದ್ದೆ. ನರ್ಸಬಾಯಿ ತಡೆದಳು. "ಹೋದ್ರ ಮಣ್ಣ ಯಾರು ಬಿಡಸ್ತಾರ? ಉಪ್ಪಿಲ್ದ ಒಡಸು. ಕಸುಬ ನಿಂದು, ತಲಿ ಓಡಸು."

ಆಗ ಕೆಲಸ ನಿಜವಾಗಿ ಶುರುವಾಯಿತು. ಉಪ್ಪು ಮಾಡುತ್ತಿದ್ದ ಕೆಲಸವನ್ನು ಬೇರೆ ಏನಾದರೂ ಮಾಡಬೇಕು. ತಣ್ಣೀರಿನ ಬದಲು ಬಿಸಿನೀರು ಚಿಮುಕಿಸಿ ನೋಡಿದೆ, ಸ್ವಲ್ಪ ಮೇಲು. ಒಂದೇ ಸಲ ಸುರಿಯದೆ ಸಂಜೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಕೋಳಿ ಕೂಗುವ ಹೊತ್ತಿಗೆ ಒಮ್ಮೆ, ಮೂರು ಸಲ ಚಿಮುಕಿಸಿದೆ, ಇನ್ನೂ ಮೇಲು. ಮೂರನೇ ಸಲದ ನಂತರ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಒಲೆಯ ಬೂದಿಯ ಬೆಚ್ಚಗಿನ ಪಕ್ಕದಲ್ಲಿಟ್ಟೆ. ಕಡಲೆ ಒಡೆಯಿತು, ಎಲ್ಲವೂ ಅಲ್ಲ, ಮುಕ್ಕಾಲು ಪಾಲು. ಜೋಳಕ್ಕೆ ದಪ್ಪ ಕಾಳು ಆಗುವುದಿಲ್ಲ. ಸಣ್ಣ, ಗಟ್ಟಿ ಸಿಪ್ಪೆಯ ಅಳ್ಳಿನ ಜೋಳವೇ ಬೇಕು. ಅದನ್ನು ರಾಜೇಶ್ವರದಿಂದ ಸೊಸೆಯ ಅಪ್ಪ ತಲೆಯ ಮೇಲೆ ಹೊತ್ತು ತಂದು ಕೊಟ್ಟು, ಬಾಗಿಲಲ್ಲೇ ಮಗಳ ಮುಖ ನೋಡಿ, ನೀರೂ ಕುಡಿಯದೆ ಹೋದ.

ಸಜ್ಜೆಯ ಹಿಟ್ಟಿನ ರೊಟ್ಟಿಯನ್ನು ಅರಿವೆಯಷ್ಟು ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಒತ್ತಿ ಒತ್ತಿ ಒಣಗಿಸಿದೆ. ಎಲ್ಲೂ ಮೆತ್ತಗಾಗದ ಖಡಕ್ ರೊಟ್ಟಿ. ಹುಣಸೆಬೀಜ ಹುರಿದು ಸಿಪ್ಪೆ ತೆಗೆದು ಚೂರು ಮಾಡಿದೆ. ಉಪ್ಪಿಲ್ಲದ ನಾಲಿಗೆ ಹುಳಿ ಬೇಡುತ್ತದೆ; ಒಣಗಿಸಿದ ಮಾವಿನಕಾಯಿಯ ಪುಡಿ, ಜೀರಿಗೆ, ಮೆಣಸು ಸೇರಿಸಿದೆ. ಅವಳು ತಿಂದಳು, ಆದರೆ ಮರ್ಯಾದೆಗೆ ತಿಂದಳು. ಈಗ ತೆರೆದೇ ಇದ್ದ ಬಾಗಿಲಿನಿಂದ ಮತ್ತೆ ಗೋಡೆಯ ಕಡೆ ಹೋಗುತ್ತಿದ್ದಳು.

ಆಗ ನೆನಪಾಯಿತು ಮೊದಲ ದಿನ ಅವಳು ಹೇಳಿದ ವಾಸನೆಯ ಮಾತು. ಕುಂಬಾರರ ಓಣಿಗೆ ಹೋಗಿ ಆಗಷ್ಟೇ ಸುಟ್ಟ, ನೀರು ಮುಟ್ಟದ ಕೆಮ್ಮಣ್ಣಿನ ಹುರಿಯುವ ಓಡು ತಂದೆ. ಕಬ್ಬಿಣದ ಕಡಾಯಿಯನ್ನು ಮೂಲೆಗಿಟ್ಟು, ಮರಳೂ ಇಲ್ಲದೆ ಓಡಿನ ಮೇಲೇ ಜೋಳ ಅರಳಿಸಿದೆ. ಮುಚ್ಚುವ ಮುಂಚೆ ಓಡಿನ ಅಂಚಿಗೆ ಬೆರಳ ತುದಿಯಷ್ಟು ನೀರು ಚಿಮುಕಿಸಿದೆ. ಹಬೆ ಎದ್ದಿತು. ಮೊದಲ ಮಳೆಯದೇ ವಾಸನೆ. ಅಳ್ಳು ಆ ಹಬೆಯನ್ನು ಹೀರಿಕೊಂಡಿತು.

ಅವಳು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿದಳು. ಆಮೇಲೆ ತಿಂದಳು, ಬಟ್ಟಲು ಖಾಲಿಯಾಗುವವರೆಗೆ. "ಇದ ನೋಡ್ರಿ ಅಕ್ಕಾ" ಎಂದಳು, "ಇದ." ಅವತ್ತಿನಿಂದ ಗೋಡೆಗೆ ಕೈ ಹೋಗಲಿಲ್ಲ.

ಮೂರು ವಾರ ಚೆನ್ನಾಗಿದ್ದಳು. ಆ ಮೂರು ವಾರ ನನ್ನ ಬಾಳಿನಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ. ಮುಖದ ಬಾವು ಇಳಿಯಿತು, ಕಣ್ಣು ಮತ್ತೆ ದೊಡ್ಡವಾದವು. ಹೆಬ್ಬೆರಳಿನ ಕುಳಿ ಬೇಗ ತುಂಬತೊಡಗಿತು. ನಳಿಗೆಯ ಬಿಳಿಯದು ಅರ್ಧದಿಂದ ಕಾಲು ಭಾಗಕ್ಕೆ ಇಳಿದಾಗ ನರ್ಸಬಾಯಿ ಅದನ್ನು ದೊಡ್ಡವ್ವನಿಗೂ ತೋರಿಸಿದಳು. ಎರಡು ಕೂಸುಗಳು ಹೋದ ಏಳನೇ ತಿಂಗಳು ದಾಟಿತು. ಸೊಸೆ ಕುಲಾಯಿ ಹೊಲಿದು ಮುಗಿಸಿದಳು. "ಅಕ್ಕಾ, ಹಡದ ಮ್ಯಾಲ ಮೊದಲ ಏನ್ ತಿಂತೀನಿ ಗೊತ್ತದೇನ್ರಿ? ಉಪ್ಪ ಹಚ್ಚಿದ ಮಾವಿನಕಾಯಿ. ಅತ್ತಿಗಿ ಕಾಣಧಂಗ" ಎಂದು ನನ್ನನ್ನು ನಗಿಸಿದಳು. ಬಾಗಿಲಾಚೆ ನಿಂತಿದ್ದ ದೊಡ್ಡವ್ವನಿಗೂ ಅದು ಕೇಳಿಸಿತ್ತು. ಕೇಳದವರಂತೆ ಹೋದರು.

ಎಂಟನೇ ತಿಂಗಳಲ್ಲಿ ಒಂದು ಸಂಜೆ ತಲೆ ನೋವು ಎಂದಳು. ಜೋಳಕ್ಕೆ ನೀರು ಚಿಮುಕಿಸುತ್ತಿದ್ದೆ. ಎದ್ದು ಹೋಗಿ ಹಣೆಗೆ ಒದ್ದೆ ಬಟ್ಟೆ ಹಾಕಿ ಬಂದೆ. ಬೆಳಗಾಗುವ ಹೊತ್ತಿಗೆ ಕಣ್ಣ ಮುಂದೆ ಕಿಡಿ ಹಾರುತ್ತಿವೆ ಎಂದಳು. ನರ್ಸಬಾಯಿಗೆ ಆಳು ಓಡಿದ. ಅವಳು ಬರುವಷ್ಟರಲ್ಲಿ ಮೊದಲ ಝಟಕಾ ಬಂದಿತ್ತು. ಹಲ್ಲಿನ ನಡುವೆ ಬಟ್ಟೆ ಸುತ್ತಿದ ಚಮಚ ಇಟ್ಟು ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಹಿಡಿದುಕೊಂಡಿದ್ದೆ. ಹಗಲು ಏರುತ್ತಿದ್ದಂತೆ ಇನ್ನೂ ಎರಡು ಬಂದವು. ಅವುಗಳ ನಡುವೆಯೇ ಕೂಸು ಹುಟ್ಟಿತು. ಹೆಣ್ಣು ಕೂಸು, ಅಂಗೈ ಮೇಲೆ ನಿಲ್ಲುವಷ್ಟು, ಆದರೆ ಅತ್ತಿತು. ಆ ಅಳುವನ್ನು ಅವಳು ಕೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕಣ್ಣು ತೆರೆಯಲಿಲ್ಲ. ಹೊತ್ತು ನೆತ್ತಿಗೆ ಬರುವ ಮೊದಲೇ ಹೋದಳು.

ಕೈ ತೊಳೆಯುತ್ತಿದ್ದ ನರ್ಸಬಾಯಿಯನ್ನು ಬಚ್ಚಲ ಬಾಗಿಲಲ್ಲಿ ಹಿಡಿದು ನಿಲ್ಲಿಸಿದೆ. "ಖರೇ ಹೇಳ್ರಿ. ನಾ ತಿನಿಸಿದ ಉಪ್ಪಿನಿಂದ ಆತೇನ್ರಿ ಇದು?"

ಅವಳು ಕೈ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದಳು. "ಉಪ್ಪ ತಿನ್ನದವರಿಗೂ ಬರ್ತದ. ತಿಂದವರಿಗೆ ಬರದೇನೂ ಇರ್ತದ. ನಿನ್ನಿಂದ ಅಲ್ಲ ಅಂತ ಹೇಳ್ಲಾಕ ನನಗ ಗೊತ್ತಿಲ್ಲ. ನಿನ್ನಿಂದ ಅಂತ ಹೇಳ್ಲಾಕ ಭೀ ಗೊತ್ತಿಲ್ಲ."

ಸಮಾಧಾನಕ್ಕೆ ಅವಳು ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಆ ಮಾತನ್ನು ಹಾಗೆಯೇ ಇಟ್ಟುಕೊಂಡು ಇಷ್ಟು ವರ್ಷ ಕಳೆದಿದ್ದೇನೆ.

ಸೊಸೆಯ ಗಂಡ ಆ ವಾರ ಮನೆಯಲ್ಲೇ ಇದ್ದ. ಅಪ್ಪನಿಗೆ ರಾಜೇಶ್ವರಕ್ಕೆ ಸುದ್ದಿ ಹೋಯಿತು. ಹೊತ್ತು ಮುಳುಗುವುದರೊಳಗೆ ಮಣ್ಣು ಕೊಡುವುದೆಂದು ಹಿರಿಯರು ಗೊತ್ತು ಮಾಡಿದರು. ನಮ್ಮ ಕಡೆ ಹೆಣದ ಮುಂದೆ ಹಾದಿಯುದ್ದಕ್ಕೂ ಅಳ್ಳು ತೂರುತ್ತ ಹೋಗುತ್ತಾರೆ. ಅಳ್ಳು ಪೇಟೆಯಿಂದ ತರಲೇ ಎಂದು ಆಳು ಕೇಳಿದ. ಮನೆಯಲ್ಲೇ ಭಟ್ಟಿಯವಳು ಇದ್ದಾಳೆ ಎಂದು ಯಾರೋ ಅಂದರು.

ಒಲೆಯ ಬೂದಿಯ ಪಕ್ಕದಲ್ಲಿ ಕೋಳಿ ಕೂಗುವ ಹೊತ್ತಿಗೆ ನಾನು ಕಟ್ಟಿಟ್ಟ ಗಂಟು ಇತ್ತು. ಅವಳ ಅಂದಿನ ಅಳ್ಳಿನ ಜೋಳ. ಬಿಚ್ಚಿದೆ. ಹದ ಸರಿಯಾಗಿ ಬಂದಿತ್ತು, ಕಾಳು ಬೆಚ್ಚಗೆ ಮೆತ್ತಗಿದ್ದವು. ಕೆಮ್ಮಣ್ಣಿನ ಓಡನ್ನೇ ಒಲೆಗೆ ಇಟ್ಟೆ. ಅಂದು ಅರಳಿದ ಹಾಗೆ ಜೋಳ ಯಾವತ್ತೂ ಅರಳಲಿಲ್ಲ. ಒಂದು ಕಾಳೂ ಉಳಿಯಲಿಲ್ಲ. ಒಳಗಿನಿಂದ ಕೂಸಿನ ಸಣ್ಣ ಅಳು ಕೇಳುತ್ತಿತ್ತು, ಯಾರೋ ಬಟ್ಟೆಯ ಬತ್ತಿಯಿಂದ ಆಡಿನ ಹಾಲು ಹನಿಸುತ್ತಿದ್ದರು.

ಮೊರದ ತುಂಬ ಅಳ್ಳು ಸುರಿದು ಏಳುವಷ್ಟರಲ್ಲಿ ಹಿಂದೆ ದೊಡ್ಡವ್ವ ನಿಂತಿದ್ದರು. ಅಟ್ಟದ ಬೀಗ ತೆಗೆದು ಉಪ್ಪಿನ ಗಡಿಗೆ ಇಳಿಸಿ ತಂದಿದ್ದರು. ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದರು. ನನ್ನ ಮುಂದೆ ಇಟ್ಟರು.

"ಉಪ್ಪ ಹಾಕು."

"ದೊಡ್ಡವ್ವಾ, ಹಾದಿಗಿ ತೂರೂ ಅಳ್ಳಿಗಿ ಉಪ್ಪ ಯಾರೂ ಹಾಕಂಗಿಲ್ರಿ."

"ನನಗ ಗೊತ್ತದ. ಹಾಕು. ಸಪ್ಪಂದ ತಿಂದ ಹೋಗ್ಯಾಳ ಆಕಿ."

ತಂಬಿಗೆಯ ನೀರಿಗೆ ಉಪ್ಪು ಹಾಕಿ ಕದಡಿದೆ. ಕೈ ತಾನಾಗಿಯೇ ನಮ್ಮವ್ವ ಕಲಿಸಿದ ಅಳತೆಯಷ್ಟೇ ತೆಗೆದುಕೊಂಡಿತ್ತು. ಬಿಸಿ ಅಳ್ಳಿನ ಮೇಲೆ ಚಿಮುಕಿಸಿದೆ, ಚುಂಯ್ ಎಂದು ಹಬೆ ಎದ್ದಿತು. ದೊಡ್ಡವ್ವ ಬಗ್ಗಿ ಒಂದು ಅಳ್ಳು ತೆಗೆದು ಬಾಯಿಗೆ ಹಾಕಿಕೊಂಡರು. ಎಷ್ಟೋ ವಾರಗಳ ಮೇಲೆ ಅವರ ನಾಲಿಗೆಗೂ ಉಪ್ಪು ಸೋಕಿದ್ದು ಆಗಲೇ. ಕಣ್ಣು ಮುಚ್ಚಿ ಅಗಿದರು, ಸೊಸೆ ಅಗಿಯುತ್ತಿದ್ದ ಹಾಗೆ, ಸದ್ದು ಕೇಳಿಸಿಕೊಳ್ಳುತ್ತ.

"ಇನ್ನ ಜರಾ ಹಾಕು" ಎಂದರು. ಇನ್ನೂ ಒಂದು ಹಿಡಿ ಹಾಕಿದೆ.